ಶಾಸಕರೇ, ನಮ್ಮ ನಗರದ ಬೋರ್ಡಿನಲ್ಲಿ ಬಿದನೂರು ಅಂತಲೂ ಬರೆಸಿ

ಮಾನ್ಯ ಶಾಸಕರೇ, ನಮಸ್ಕಾರ.

ಕೊಲ್ಲೂರಿಗೆ ಹೋಗುವವರು ಹೊಸನಗರ ದಾಟಿ ನಮ್ಮೂರು ನಗರದಲ್ಲಿ ಕಾರು ನಿಲ್ಲಿಸುತ್ತಾರೆ. ಕೋಟೆ ಹತ್ತಿ ನಾಲ್ಕು ಫೋಟೊ ತೆಗೆದು ಇಳಿಯುತ್ತಾರೆ. ಆಮೇಲೆ ಟೀ ಕುಡಿಯುತ್ತಾ ಕೇಳುವುದು ಒಂದೇ ಪ್ರಶ್ನೆ: ಇಷ್ಟು ಚಿಕ್ಕ ಊರಿಗೆ ನಗರ ಅಂತ ಯಾಕೆ ಹೆಸರು? ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಲ್ಲ. ಹೇಳುವುದಕ್ಕೆ ನನಗೆ ಬೇಜಾರಿಲ್ಲ, ಕೇಳದೆಯೇ ಹೋಗುವವರೇ ಜಾಸ್ತಿ ಅನ್ನುವುದು ಬೇಜಾರು.

ಇದು ಬಿದಿರಿನ ಊರು, ಬಿದನೂರು. ಕೆಳದಿ ಅರಸರು ಮೊದಲು ಕೆಳದಿಯಲ್ಲಿದ್ದರು, ಆಮೇಲೆ ಇಕ್ಕೇರಿಗೆ ಬಂದರು. ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ, 1640ರ ಸುಮಾರಿಗೆ, ವೀರಭದ್ರ ನಾಯಕ ರಾಜಧಾನಿಯನ್ನು ಇಲ್ಲಿಗೆ ತಂದ. ಬಯಲುಸೀಮೆಯ ಕುದುರೆಗಳಿಗೆ ಈ ಗುಡ್ಡ, ಈ ಕಾಡು, ಈ ಮಳೆ ಸುಲಭದ ದಾರಿಯಲ್ಲ ಅಲ್ವಾ? ಘಟ್ಟ ಇಳಿದರೆ ಕರಾವಳಿಯ ಬಂದರುಗಳು, ಅಲ್ಲಿ ನಮ್ಮ ಮೆಣಸಿಗೆ ಒಳ್ಳೆ ಬೆಲೆ. ಊರನ್ನು ದೊಡ್ಡದು ಮಾಡಿದವನು ಶಿವಪ್ಪ ನಾಯಕ. ಮಣ್ಣು, ಬೆಳೆ ನೋಡಿ ಕಂದಾಯ ಕಟ್ಟಿದ ಅವನ 'ಶಿಸ್ತು' ಮಲೆನಾಡಿನ ಹಳಬರ ಬಾಯಲ್ಲಿ ಇನ್ನೂ ಇದೆ. ಆಮೇಲೆ ಬಂದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು ಇವಳೇ.

1763ರಲ್ಲಿ ಹೈದರ್ ಅಲಿ ಊರನ್ನು ಗೆದ್ದು ಹೈದರ್‌ನಗರ ಅಂತ ಕರೆದ. ಕಾಲ ಕಳೆದಂತೆ ಹೈದರ್ ಬಿಟ್ಟುಹೋಯಿತು, ನಗರ ಉಳಿಯಿತು. ಮುಂದೆ ತಾಲ್ಲೂಕು ಕಚೇರಿ ಕಲ್ಲೂರಕಟ್ಟೆಗೆ ಹೋದಾಗ ಆ ಊರು ಹೊಸನಗರ ಆಯಿತು. ಅಂದರೆ ನಿಮ್ಮ ತಾಲ್ಲೂಕಿನ ಹೆಸರೂ ನಮ್ಮೂರಿಂದಲೇ ಬಂದಿದ್ದು.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಊರಿನ ಎರಡೂ ಕಡೆಯ ಬೋರ್ಡಿನಲ್ಲಿ ನಗರದ ಜೊತೆ ಬಿದನೂರು ಅಂತಲೂ ಬರೆಸಿ. ಕೋಟೆ ಬಾಗಿಲ ಹತ್ತಿರ ಈ ಕಥೆಯನ್ನು ಮಕ್ಕಳೂ ಓದುವ ಹಾಗೆ ದೊಡ್ಡ ಅಕ್ಷರದ ಕನ್ನಡದಲ್ಲಿ ಹಾಕಿಸಿ. ದರ್ಬಾರು ಎಲ್ಲಿತ್ತು, ಅಕ್ಕ ತಂಗಿ ಕೊಳ ಎಲ್ಲಿದೆ, ದೇವಗಂಗೆಯ ಕೊಳಗಳಿಗೆ ಹೇಗೆ ಹೋಗಬೇಕು ಅಂತ ಒಂದು ನಕ್ಷೆಯೂ ಇರಲಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹಾಗಾಗಿ ಒಪ್ಪಿಗೆ ಬೇಕಾಗುತ್ತದೆ. ನಾವು ಬರೆದರೆ ಪತ್ರ ಸುಮ್ನೆ ಫೈಲಿನಲ್ಲಿ ಕೂರಬಹುದು, ನೀವು ಕೇಳಿದರೆ ಹಾಗಾಗುವುದಿಲ್ಲ ಅನ್ನುವ ನಂಬಿಕೆಯಿಂದ ನಿಮಗೆ ಬರೆಯುತ್ತಿದ್ದೇನೆ.

ಮಳೆ ಮುಗಿದು ದಸರಾ ರಜೆಗೆ ಜನ ಬರುವುದರೊಳಗೆ ಆದರೆ ಒಳ್ಳೆಯದು. ಬರಹ ತಿದ್ದುವುದಕ್ಕೆ, ಬೋರ್ಡು ನಿಲ್ಲಿಸುವ ದಿನ ಗುಂಡಿ ತೋಡುವುದಕ್ಕೆ ನಾವು ಬರುತ್ತೇವೆ.

ಇಂತಿ,
ನಗರದ ಒಬ್ಬ ಮತದಾರ