ಹೊರಚರಂಡಿ ತುಂಬಿದಾಗ ಒಳಗಿನ ನೀರು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಜೋರು ಮಳೆಗೆ ವಾಣಿಜ್ಯ ಸಂಕೀರ್ಣವೊಂದರ ನೆಲಮಾಳಿಗೆಯಲ್ಲಿ ವಾಹನಗಳು ಮುಳುಗಿದರೆ ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಪೈಪು ಸಾಲದಾಯಿತು, ದೊಡ್ಡದು ಹಾಕಿಸಿ.’ ಮಳೆನೀರು ವ್ಯವಸ್ಥೆಗಳ ವಿನ್ಯಾಸದಲ್ಲಿ ತೊಡಗಿರುವ ನಮಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ತಗ್ಗಿನಲ್ಲಿರುವ ಕಟ್ಟಡಗಳಲ್ಲಿ ಬಹಳ ಸಲ ಪೈಪಿನ ಅಳತೆ ಸರಿಯಾಗಿಯೇ ಇರುತ್ತದೆ. ಅದು ಹೋಗಿ ಸೇರುವ ಚರಂಡಿಯೇ ಆ ಹೊತ್ತಿಗೆ ತುಂಬಿ ನಿಂತಿರುತ್ತದೆ. ತುಂಬಿದ ಚರಂಡಿಗೆ ಎಷ್ಟು ದೊಡ್ಡ ಪೈಪು ಜೋಡಿಸಿದರೂ, ನೀರು ಅಷ್ಟೇ ಸಲೀಸಾಗಿ ಹಿಂದಕ್ಕೂ ಬರುತ್ತದೆ.

5,000 ಚದರ ಮೀಟರಿನ ಒಂದು ಜಾಗ ಇದೆ ಎಂದಿಟ್ಟುಕೊಳ್ಳಿ. ತಾರಸಿ, ಕಾಂಕ್ರೀಟ್ ಅಂಗಳ, ಪಾರ್ಕಿಂಗ್ ಎಲ್ಲ ಸೇರಿ ನೆಲ ಪೂರ್ತಿ ಮುಚ್ಚಿದೆ. ಇಂಥ ಕಡೆ ಬಿದ್ದ ಮಳೆಯಲ್ಲಿ ಸುಮಾರು ಶೇ 90ರಷ್ಟು ಹರಿದು ಬರುತ್ತದೆ. ಗಂಟೆಗೆ 80 ಮಿ.ಮೀ. ಲೆಕ್ಕದಲ್ಲಿ ಮಳೆ ಸುರಿದರೆ ಸೆಕೆಂಡಿಗೆ 100 ಲೀಟರ್ ನೀರು. 300 ಮಿ.ಮೀ. ವ್ಯಾಸದ ಕಾಂಕ್ರೀಟ್ ಪೈಪನ್ನು ನೂರಕ್ಕೆ ಒಂದರ ಇಳಿಜಾರಿನಲ್ಲಿ ಕೂರಿಸಿದರೆ ಸೆಕೆಂಡಿಗೆ ಸುಮಾರು 97 ಲೀಟರ್ ಸಾಗಿಸುತ್ತದೆ. ಕಾಗದದ ಮೇಲೆ ಲೆಕ್ಕ ಹೆಚ್ಚುಕಡಿಮೆ ಕೂಡಿ ಬಂತು. ಆದರೆ ಈ 97 ಲೀಟರ್ ಸಿಗುವುದು ಪೈಪಿನ ಹೊರಬಾಯಿ ತೆರೆದಿದ್ದಾಗ ಮಾತ್ರ. ಹೊರಗಿನ ನೀರು ಒಳಗಿನ ನೀರಿನ ಮಟ್ಟಕ್ಕೆ ಏರಿದರೆ ಹರಿವು ಸೊನ್ನೆ. ಎರಡು ಮಟ್ಟಗಳ ನಡುವಿನ ವ್ಯತ್ಯಾಸವೇ ನೀರನ್ನು ತಳ್ಳುವ ಶಕ್ತಿ. ಅದಿಲ್ಲದಿದ್ದರೆ ಪೈಪಿನ ಅಗಲದಿಂದ ಏನೂ ಆಗದು.

ಆದ್ದರಿಂದ ವಿನ್ಯಾಸದ ಮೊದಲ ಪ್ರಶ್ನೆ ಹೀಗಿರಬೇಕು: ಹೊರಚರಂಡಿ ಎಷ್ಟು ಹೊತ್ತು ತುಂಬಿರುತ್ತದೆ, ಅಷ್ಟು ಹೊತ್ತಿನ ನೀರನ್ನು ನಮ್ಮ ಜಾಗದಲ್ಲೇ ಎಲ್ಲಿ ಹಿಡಿದಿಡುತ್ತೇವೆ? ಮೇಲಿನ ಜಾಗದಲ್ಲಿ ಒಂದು ಗಂಟೆ ಹೊರದಾರಿ ಮುಚ್ಚಿಹೋದರೆ ಶೇಖರವಾಗುವ ನೀರು 360 ಘನ ಮೀಟರ್. ಅಂದರೆ 15 ಮೀಟರ್ ಉದ್ದ, 12 ಮೀಟರ್ ಅಗಲ, 2 ಮೀಟರ್ ನೀರು ನಿಲ್ಲುವ ತೊಟ್ಟಿ ಬೇಕು. ಹೊರಚರಂಡಿ ಪೂರ್ತಿ ಮುಚ್ಚದೆ ಸೆಕೆಂಡಿಗೆ 30 ಲೀಟರ್ ಬಿಡಲು ಆಸ್ಪದವಿದ್ದರೆ, ಉಳಿದ 70 ಲೀಟರಿನ ಲೆಕ್ಕದಲ್ಲಿ 252 ಘನ ಮೀಟರ್ ಸಾಕೆನಿಸುತ್ತದೆ. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ತೊಟ್ಟಿಯ ತಳದಲ್ಲಿ 100 ಮಿ.ಮೀ. ರಂಧ್ರ ಬಿಟ್ಟರೆ, 2 ಮೀಟರ್ ನೀರು ನಿಂತಾಗ ಅದು ಸುಮಾರು 30 ಲೀಟರ್ ಬಿಡುತ್ತದೆ ನಿಜ. ನೀರು 1 ಮೀಟರ್ ಇದ್ದಾಗ ಬಿಡುವುದು 21 ಲೀಟರ್ ಮಾತ್ರ. ತೊಟ್ಟಿ ತುಂಬುತ್ತಾ ಬರುವ ಅಷ್ಟೂ ಹೊತ್ತು ಹೊರಹರಿವು ಕಡಿಮೆಯೇ ಇರುತ್ತದೆ. ಆದ್ದರಿಂದ 252ಕ್ಕಿಂತ ಹೆಚ್ಚು ಜಾಗ ಬೇಕೇ ಬೇಕು. ರಂಧ್ರವನ್ನು 75 ಮಿ.ಮೀ.ಗಿಂತ ಚಿಕ್ಕದು ಮಾಡಬೇಡಿ. ಎಲೆ, ಪ್ಲಾಸ್ಟಿಕ್ ಸಿಕ್ಕಿ ಕಟ್ಟಿಕೊಳ್ಳುತ್ತದೆ. ಅದರ ಮುಂದೆ ಓರೆಯಾಗಿ ನಿಲ್ಲಿಸಿದ ಜಾಲರಿ ಇರಲಿ. ಕಸ ನೀರಿನ ಜೊತೆ ಮೇಲೇರುತ್ತದೆ, ಕೆಳಗಿನ ಭಾಗ ತೆರೆದೇ ಉಳಿಯುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮಳೆನೀರು ಕೊಯ್ಲಿನ ತೊಟ್ಟಿಯನ್ನೇ ಪ್ರವಾಹದ ತೊಟ್ಟಿ ಎಂದು ನಕ್ಷೆಯಲ್ಲಿ ತೋರಿಸುತ್ತಾರೆ. ಕೊಯ್ಲಿನ ತೊಟ್ಟಿ ತುಂಬಿದ್ದರೆ ಉಪಯೋಗ, ಪ್ರವಾಹದ ತೊಟ್ಟಿ ಖಾಲಿಯಿದ್ದರೆ ಉಪಯೋಗ. ಮಳೆಗಾಲದ ನಡುವೆ ಕೊಯ್ಲಿನ ತೊಟ್ಟಿ ತುಂಬಿಯೇ ಇರುತ್ತದೆ. ಮುಂದಿನ ಮಳೆಗೆ ಅದರಲ್ಲಿ ಒಂದು ಬಕೆಟ್ ಜಾಗವೂ ಇರುವುದಿಲ್ಲ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಮಾಡಲೇಬೇಕಾದರೆ ಮೇಲಿನ ಭಾಗ ತಾನಾಗಿಯೇ ಖಾಲಿಯಾಗುವಂತೆ ಹೊರಬಾಯಿಯನ್ನು ನಡುಮಟ್ಟದಲ್ಲಿ ಇಡಬೇಕು. ಇಂಗುಗುಂಡಿಗಳನ್ನು ನೆಚ್ಚಿಕೊಳ್ಳುವುದೂ ಹೀಗೆಯೇ. ಜೇಡಿಮಣ್ಣಿನಲ್ಲಿ ನೀರು ಇಂಗುವುದು ಗಂಟೆಗೆ ಕೆಲವೇ ಮಿಲಿಮೀಟರ್. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳಕ್ಕೇ ಬಂದರೆ ಅದೂ ಇಲ್ಲ.

ಅಂತರ್ಜಲದ ಮಾತು ಬಂದಾಗ ಇದನ್ನೂ ಹೇಳಬೇಕು: ಖಾಲಿ ತೊಟ್ಟಿ ನೆಲದಡಿಯಲ್ಲಿ ದೋಣಿಯಂತೆ ತೇಲಲು ನೋಡುತ್ತದೆ. ಸುತ್ತ ನೀರು 3 ಮೀಟರ್ ನಿಂತಿದ್ದರೆ ತಳದ ಪ್ರತಿ ಚದರ ಮೀಟರನ್ನೂ 3 ಟನ್ ಬಲ ಮೇಲಕ್ಕೆ ಒತ್ತುತ್ತಿರುತ್ತದೆ. 300 ಮಿ.ಮೀ. ದಪ್ಪದ ಕಾಂಕ್ರೀಟ್ ತಳದ ತೂಕ ಚದರ ಮೀಟರಿಗೆ ಹತ್ತಿರಹತ್ತಿರ ಮುಕ್ಕಾಲು ಟನ್. ಉಳಿದ ಬಲಕ್ಕೆ ಗೋಡೆ, ಮೇಲ್ಛಾವಣಿ, ಅದರ ಮೇಲಿನ ಮಣ್ಣು, ಸುತ್ತ ಹೊರಚಾಚಿದ ತಳದ ಅಂಚು ಇವೆಲ್ಲ ಸೇರಿ ಉತ್ತರ ಕೊಡಬೇಕು. ಪ್ಲಾಸ್ಟಿಕ್ ತೊಟ್ಟಿಗಳಿಗಂತೂ ಈ ಲೆಕ್ಕ ಮಾಡದೆ ಗುಂಡಿ ಮುಚ್ಚಲೇಬಾರದು.

ಈಗ ನೆಲಮಾಳಿಗೆಗೆ ಬರೋಣ. ಇಳಿದಾರಿಯ ಮೇಲೆ ನೇರವಾಗಿ ಬೀಳುವ ಮಳೆ ದೊಡ್ಡ ಸಮಸ್ಯೆಯಲ್ಲ. 6 ಮೀಟರ್ ಅಗಲ, 20 ಮೀಟರ್ ಉದ್ದದ ಇಳಿದಾರಿಗೆ ಗಂಟೆಗೆ 150 ಮಿ.ಮೀ. ಮಳೆ ಹೊಯ್ದರೂ ಸೆಕೆಂಡಿಗೆ 5 ಲೀಟರ್. ಕೆಳಗೊಂದು ಅಡ್ಡಚರಂಡಿ, ಒಂದು ಸಂಪು, ಸಣ್ಣ ಪಂಪು ಸಾಕು. ಆದರೆ ರಸ್ತೆಯ ನೀರು ಇಳಿದಾರಿಯ ನೆತ್ತಿಯನ್ನು ಬರೀ 100 ಮಿ.ಮೀ. ಆಳದಲ್ಲಿ, ಅಂಗೈ ಅಗಲದಷ್ಟು ಆಳದಲ್ಲಿ, ದಾಟಿತು ಎನ್ನಿ. ಆ 6 ಮೀಟರ್ ಅಗಲದಲ್ಲಿ ಸೆಕೆಂಡಿಗೆ 320 ಲೀಟರ್ ಒಳಗೆ ಸುರಿಯುತ್ತದೆ. 1,500 ಚದರ ಮೀಟರಿನ ನೆಲಮಾಳಿಗೆಯಲ್ಲಿ ಒಂದೂಕಾಲು ಗಂಟೆ ಕಳೆಯುವಷ್ಟರಲ್ಲಿ ಸೊಂಟದ ಮಟ್ಟ. ಯಾವ ಸಂಪಿನ ಪಂಪೂ ಇದರೆದುರು ನಿಲ್ಲದು. ಇಳಿದಾರಿಯ ಬಾಯಲ್ಲಿ ನೆಲವನ್ನು ಒಂದಿಷ್ಟು ಎತ್ತರಿಸಿ, ಆಮೇಲೆ ಇಳಿಸಿದರೆ ಇದನ್ನೆಲ್ಲ ತಡೆಯಬಹುದು. ಎತ್ತರ ಎಷ್ಟಿರಬೇಕು ಎಂಬುದನ್ನು ರಸ್ತೆಯ ಮಟ್ಟದಿಂದ ಅಳೆಯುವುದಲ್ಲ, ಆ ಜಾಗದಲ್ಲಿ ಕಂಡ ಅತಿ ಹೆಚ್ಚಿನ ನೀರಿನ ಮಟ್ಟದಿಂದ ಅಳೆಯಬೇಕು. ಅದರ ಮೇಲೆ ಕನಿಷ್ಠ 300 ಮಿ.ಮೀ. ಇರಲಿ. ಇಳಿದಾರಿ ಒಂದೇ ಅಲ್ಲ: ಗಾಳಿಗಂಡಿ, ಕೇಬಲ್ ಬರುವ ತೂತು, ಮೆಟ್ಟಿಲಿನ ಬಾಗಿಲು ಎಲ್ಲವೂ ಅದೇ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ನೀರು ನುಗ್ಗದಂತೆ ಮುಚ್ಚಿರಬೇಕು. ಎತ್ತರಿಸಿದ ನೆತ್ತಿ ಇದ್ದೂ ಒಂದು ಕೇಬಲ್ ತೂತಿನಿಂದ ಮುಳುಗುವುದು ಸಾಧ್ಯ.

ಸಂಪಿನಲ್ಲಿ ಎರಡು ಪಂಪುಗಳಿರಲಿ. ಎರಡರಲ್ಲಿ ಯಾವುದೊಂದು ನಡೆದರೂ ಪೂರ್ತಿ ಹರಿವನ್ನು ಹೊರಹಾಕುವಂತಿರಬೇಕು, ಸರದಿಯಲ್ಲಿ ಓಡಬೇಕು. ಒಂದೇ ಪಂಪು ಸದಾ ಓಡುತ್ತಿದ್ದರೆ ಇನ್ನೊಂದು ಕೂತಲ್ಲೇ ಹಿಡಿದುಕೊಂಡಿರುತ್ತದೆ, ಬೇಕಾದ ದಿನವೇ ಅದು ಗೊತ್ತಾಗುವುದು. ಹೊರಹಾಕುವ ಪೈಪು ಮೊದಲು ಪ್ರವಾಹದ ಮಟ್ಟಕ್ಕಿಂತ ಮೇಲೆ ಏರಿ ಆಮೇಲೆ ಚರಂಡಿಗೆ ಇಳಿಯಬೇಕು. ನೆಲಮಟ್ಟದಲ್ಲೇ ಅಡ್ಡ ಹೋದರೆ ಪಂಪು ನಿಂತ ಕ್ಷಣ ಚರಂಡಿಯ ನೀರು ಅದೇ ಪೈಪಿನಲ್ಲಿ ವಾಪಸ್ ಬರಬಹುದು. ವಿದ್ಯುತ್ ಪ್ಯಾನಲ್ ಮತ್ತು ಜನರೇಟರ್ ನೆಲಮಾಳಿಗೆಯಲ್ಲಿ ಬೇಡವೇ ಬೇಡ. ನೀರು ಬಂದಾಗ ಪಂಪು ನಡೆಸಬೇಕಾದ ಪ್ಯಾನಲ್ಲೇ ಮೊದಲು ಮುಳುಗುವ ವ್ಯವಸ್ಥೆ ನಕ್ಷೆಗಳಲ್ಲಿ ಈಗಲೂ ಸಿಗುತ್ತದೆ ಎಂಬುದು ನಮ್ಮನ್ನು ಬಹಳವಾಗಿ ನೋಯಿಸುತ್ತದೆ.

ಹೊರಬಾಯಿಗೆ ಹಾಕುವ ತೂಗುಬಾಗಿಲಿನ ವಾಲ್ವನ್ನು ಹತ್ತಿರ ಹೋಗಿ ನೋಡಿ. ಮೇಲ್ತುದಿಯ ಕೀಲಿನಿಂದ ತೂಗುವ ಒಂದು ತಟ್ಟೆ. ಒಳಗಿನ ನೀರು ತಳ್ಳಿದಾಗ ತೆರೆಯುತ್ತದೆ, ಹೊರಗಿನದು ಒತ್ತಿದಾಗ ಮುಚ್ಚುತ್ತದೆ. ಒಂದು ನೀರಿನ ಬಾಟಲಿ ಅಂಚಿನಲ್ಲಿ ಸಿಕ್ಕರೆ ಎರಡು ಬೆರಳು ಸಂದು. ಅಲ್ಲಿಂದ ಇಡೀ ರಾತ್ರಿ ನೀರು ಒಳಗೆ ಬರುತ್ತದೆ. ಕೀಲಿಗೆ ತುಕ್ಕು ಹಿಡಿದರೆ ತಟ್ಟೆ ತೆರೆದೇ ನಿಲ್ಲುತ್ತದೆ, ಇಲ್ಲವೇ ಮುಚ್ಚಿಯೇ ಕೂರುತ್ತದೆ. ಅದಕ್ಕೇ ಇದನ್ನು ಮನುಷ್ಯ ಇಳಿದು ಕೈಯಿಂದ ಎತ್ತಿ ನೋಡಬಹುದಾದ ಗುಂಡಿಯೊಳಗೆ ಇಡಬೇಕು. ಮುಚ್ಚಿದ ಗುಂಡಿಗೆ ಇಳಿಯುವ ಮೊದಲು ವಿಷಗಾಳಿ ಪರೀಕ್ಷೆ ಆಗಲೇಬೇಕು, ಮೇಲೊಬ್ಬರು ಕಾವಲಿರಲೇಬೇಕು.

ಮಳೆಗಾಲಕ್ಕೆ ಮುಂಚೆ ಮಾಡುವ ಪರೀಕ್ಷೆ ಸರಳ. ಚೇಂಬರುಗಳ ತಳದ ಹೂಳು ತೆಗೆಯಿರಿ. ಹೊರಪೈಪಿಗಿಂತ 300 ಮಿ.ಮೀ. ತಗ್ಗಿನಲ್ಲಿ ತಳ ಇರುವುದೇ ಹೂಳು ಅಲ್ಲಿ ನಿಲ್ಲಲಿ ಎಂದು. ಸಂಪಿಗೆ ನೀರು ಬಿಟ್ಟು ಫ್ಲೋಟ್ ತಾನಾಗಿಯೇ ಏರಿ ಪಂಪು ಶುರುವಾಗುವುದನ್ನು ಕಣ್ಣಾರೆ ನೋಡಿ. ಬಟನ್ ಒತ್ತಿ ಓಡಿಸಿದರೆ ಪಂಪಿನ ಪರೀಕ್ಷೆಯಾಗುತ್ತದೆ, ಗೋಡೆಗೆ ಸುತ್ತಿಕೊಂಡ ಫ್ಲೋಟಿನದ್ದಲ್ಲ. ಪಂಪು ಓಡುತ್ತಿರುವಾಗಲೇ ಮುಖ್ಯ ವಿದ್ಯುತ್ ಕಡಿದು ಜನರೇಟರ್ ಹೊರೆ ಎತ್ತಿಕೊಳ್ಳುತ್ತದೆಯೇ ಪರೀಕ್ಷಿಸಿ.

ಜೀವದ ವಿಷಯ ಇನ್ನೊಂದಿದೆ. ಒಂದು ಮೀಟರ್ ಅಗಲದ ಬಾಗಿಲಿನ ಒಂದು ಬದಿ ಅರ್ಧ ಮೀಟರ್ ನೀರು ನಿಂತರೆ ಅದರ ಮೇಲೆ ಸುಮಾರು 125 ಕೆ.ಜಿ. ಬಲ ಬೀಳುತ್ತದೆ, ಒಂದು ಮೀಟರ್ ನಿಂತರೆ 500 ಕೆ.ಜಿ. ಒಳಗಿದ್ದವರು ಆ ಬಾಗಿಲನ್ನು ನೂಕಿ ತೆರೆಯಲಾರರು. ಇಳಿದಾರಿಯಲ್ಲಿ ನೀರು ಹರಿಯತೊಡಗಿದ ಮೇಲೆ ವಾಹನ ತರಲು ಯಾರನ್ನೂ ಕೆಳಗೆ ಬಿಡಬಾರದು ಎಂಬ ಸೂಚನೆ ಕಾವಲುಗಾರರಿಗೆ ಲಿಖಿತವಾಗಿ ಸಿಗಬೇಕು.

ನಕ್ಷೆ ಮಂಜೂರು ಮಾಡುವವರಲ್ಲಿ ನಮ್ಮ ವಿನಂತಿ: ನಕ್ಷೆಯ ಮೇಲೆ ನಾಲ್ಕು ಮಟ್ಟಗಳನ್ನು ಒಂದೇ ಗುರುತಿನಿಂದ ಅಳೆದು ಬರೆಸಿ. ಜಾಗದಲ್ಲಿ ಕಂಡ ಅತಿ ಹೆಚ್ಚಿನ ನೀರಿನ ಮಟ್ಟ, ಇಳಿದಾರಿಯ ನೆತ್ತಿಯ ಮಟ್ಟ, ಮಳೆನೀರಿನ ಪೈಪು ಸೇರುವ ಚರಂಡಿಯ ತಳ ಮತ್ತು ಮೇಲಂಚಿನ ಮಟ್ಟ. ಜೊತೆಗೆ ಹೊರಚರಂಡಿ ಅಂಚಿನವರೆಗೆ ತುಂಬಿದೆ ಎಂದಿಟ್ಟುಕೊಂಡು ಮಾಡಿದ ಒಂದು ಪುಟದ ಲೆಕ್ಕ. ಮಳಿಗೆ ಬಾಡಿಗೆಗೆ ಹಿಡಿಯುವವರೂ ಕರಾರಿಗೆ ಸಹಿ ಹಾಕುವ ಮುನ್ನ ಆ ಪುಟವನ್ನು ಕೇಳಿ ಪಡೆಯಲಿ.

– ಮಳೆನೀರು ನಿರ್ವಹಣಾ ವಿನ್ಯಾಸದ ಎಂಜಿನಿಯರ್‌ಗಳು