‘ಎರಡು ಬಾರಿಸಿ ಸರ್’ ಅನ್ನುವ ಪೋಷಕರಿಗೆ

ಪ್ರೀತಿಯ ಪೋಷಕರೇ,

ಶಾಲೆಗೆ ಬಂದಾಗಲೆಲ್ಲ ನಿಮ್ಮಲ್ಲಿ ಕೆಲವರು ಹೇಳುವ ಮಾತು ಒಂದಿದೆ: "ಸುಳ್ಳು ಹೇಳೋದು ಜಾಸ್ತಿ ಆಗಿದೆ ಸರ್, ಎರಡು ಬಾರಿಸಿ, ನಾವೇನೂ ಕೇಳಲ್ಲ." ನಾವು ಬಾರಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದಕ್ಕೆ ಅಡ್ಡ ನಿಂತಿದೆ, ಅದು ಒಂದು ಕಡೆ ಇರಲಿ. ಏಟು ತಿಂದ ಮಗು ಮುಂದಿನ ಸಲ ಇನ್ನೂ ನಾಜೂಕಾಗಿ ಸುಳ್ಳು ಹೇಳುತ್ತದೆ, ನನ್ನ ತಕರಾರು ಅದು.

ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಕೆನಡಾದ ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳಲ್ಲಿ 3–4 ವರ್ಷದ ಮಕ್ಕಳಿಗೆ ಒಂದು ಆಟ ಆಡಿಸಿದ್ದರು. ಅದು 2011ರಲ್ಲಿ ಪ್ರಕಟವಾಯಿತು. ಒಂದು ಶಾಲೆಯಲ್ಲಿ ಕೋಲು, ಕಪಾಳಕ್ಕೆ ಏಟು, ಚಿವುಟುವುದು ಎಲ್ಲ ಇತ್ತು. ಇನ್ನೊಂದರಲ್ಲಿ ಬೈಗುಳ, ಹೆಚ್ಚೆಂದರೆ ಹೆಡ್‌ಮಾಸ್ಟರ್ ರೂಮು. ಬೆನ್ನ ಹಿಂದೆ ಇಟ್ಟ ಆಟಿಕೆಯ ಸದ್ದು ಕೇಳಿ ಅದು ಏನೆಂದು ಮಗು ಹೇಳಬೇಕು. ಕೊನೆಯ ಆಟಿಕೆಗೂ ಸದ್ದಿಗೂ ಸಂಬಂಧವೇ ಇಲ್ಲ! "ತಿರುಗಿ ನೋಡಬೇಡ" ಅಂತ ಹೇಳಿ ದೊಡ್ಡವರು ಹೊರಗೆ ಹೋದರು. ಎರಡೂ ಕಡೆ ಹೆಚ್ಚಿನವರು ತಿರುಗಿ ನೋಡಿದರು, ಮಕ್ಕಳಲ್ವಾ. ಆಮೇಲೆ "ನೋಡಿಲ್ಲ" ಅಂದವರು ಏಟಿನ ಶಾಲೆಯಲ್ಲೇ ಜಾಸ್ತಿ, ಮತ್ತೆ ಮತ್ತೆ ಕೇಳಿದರೂ ಸಿಕ್ಕಿಬೀಳದೆ ನಿಭಾಯಿಸಿದವರೂ ಅಲ್ಲಿಯವರೇ.

ನಮ್ಮಲ್ಲೂ ಮೊನ್ನೆ ಒಂದು ಡೈರಿ ಸಿಕ್ಕಿತು, ಯಾವ ಕ್ಲಾಸು ಅಂತ ಕೇಳಬೇಡಿ. ಅಪ್ಪನ ಸಹಿಯನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆದು, ಮೇಲೆ ನೀಲಿ ಪೆನ್ನು ಎಳೆದು, ಪೆನ್ಸಿಲ್ ಗೆರೆಯನ್ನು ರಬ್ಬರ್ ಹಾಕಿ ಅಳಿಸಿದ್ದಾರೆ. ಆ ಶ್ರದ್ಧೆ ಕಾಪಿ ಬರೆಯುವಾಗ ಇದ್ದಿದ್ದರೆ! ಯಾಕೋ ಅಂದರೆ, "ಮನೇಲಿ ಬೆಲ್ಟ್ ತಗೋತಾರೆ ಸರ್."

ಹಾಗಂತ ಎಲ್ಲ ಸುಳ್ಳೂ ಭಯದಿಂದ ಬರುವುದಿಲ್ಲ. 1997ರ ಇನ್ನೊಂದು ಅಧ್ಯಯನದಲ್ಲಿ ಇದೇ ಕಾಂಗ್ ಲೀ ಮತ್ತು ಜೊತೆಯವರು ಚೀನಾ, ಕೆನಡಾ ಮಕ್ಕಳನ್ನು ಹೋಲಿಸಿದರು. ಒಳ್ಳೆ ಕೆಲಸ ಮಾಡಿ "ನಾನಲ್ಲ" ಅನ್ನುವುದನ್ನು ಕೆನಡಾದ ಮಕ್ಕಳು ತಪ್ಪು ಅಂದರೆ, ಚೀನಾದ ಮಕ್ಕಳು ದೊಡ್ಡವರಾದಂತೆ ಅದನ್ನು ಒಪ್ಪುತ್ತಾ ಹೋದರು. ಹಸಿವಿದ್ದರೂ ನೆಂಟರ ಮನೆಯಲ್ಲಿ "ಊಟ ಆಯ್ತು" ಅನ್ನಲು ಕಲಿಸಿದವರು ನಾವೇ ತಾನೇ? ಅದಕ್ಕೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಶನಿವಾರ ಕಿರುಪರೀಕ್ಷೆಯ ಪೇಪರ್ ಮನೆಗೆ ಬರುತ್ತದೆ. ಅಂಕ ಕಡಿಮೆ ಇದ್ದರೂ ಮಗು ತಾನಾಗಿ ತೋರಿಸಿದರೆ, "ತೋರಿಸಿದ್ಯಲ್ಲ, ಒಳ್ಳೇದಾಯ್ತು" ಅಂತ ಮೊದಲು ಹೇಳಿ. ಯಾವ ಲೆಕ್ಕ ತಪ್ಪಿತು ಅನ್ನುವುದನ್ನು ಊಟ ಆದಮೇಲೆ ನೋಡಿ. ನಿಮಗೆ ಆಗಲೇ ಗೊತ್ತಿದ್ದೂ "ಎಷ್ಟು ಬಂತು?" ಅಂತ ಬಾಯಿ ಬಿಡಿಸಲು ಹೋಗಬೇಡಿ. ಇಷ್ಟಾದರೂ ಸಿಟ್ಟು ತಡೆಯಲಾಗದಿದ್ದರೆ ಸೋಮವಾರ ಮೂರು ಗಂಟೆ ಮೇಲೆ ಬನ್ನಿ, ನನ್ನನ್ನೇ ಬೈಯಿರಿ.

ಇಂತಿ,
ಮುಖ್ಯೋಪಾಧ್ಯಾಯರು