ಆ ಕೆಂಪು ಚುಕ್ಕೆ ಭಯವಲ್ಲ, ಪುಟ್ಟಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಮಿದುಳಿನ ಚಿತ್ರ ನೋಡಿದೆ. ಬೂದು ಬಣ್ಣದ ಮಧ್ಯೆ ಬಾದಾಮಿಯಷ್ಟು ಕೆಂಪು ಚುಕ್ಕೆ. ಕೆಳಗೆ ‘ಇಲ್ಲಿದೆ ನೋಡಿ ದೊಡ್ಡಮ್ಮ, ಭಯ!’ ಅಂತ ಬರೆದಿದ್ದೀಯ. ಮೊದಲ ಸ್ಕ್ಯಾನಿನ ಸಂಭ್ರಮ ನನಗೆ ಗೊತ್ತು. ಆದರೂ ಆ ಸಾಲು ಓದಿ ಸುಮ್ನೆ ಕೂರಲಾಗಲಿಲ್ಲ.

ಯಂತ್ರ ಭಯವನ್ನು ನೋಡಿಲ್ಲ. ನರಕೋಶಗಳನ್ನೂ ನೇರವಾಗಿ ನೋಡಿಲ್ಲ. ಅದು ನೋಡಿದ್ದು ರಕ್ತವನ್ನು. ಮಿದುಳಿನ ಒಂದು ಭಾಗಕ್ಕೆ ಕೆಲಸ ಜಾಸ್ತಿಯಾದರೆ ಆಮ್ಲಜನಕ ತುಂಬಿದ ರಕ್ತ ಅಲ್ಲಿಗೆ ಹರಿದು ಬರುತ್ತದೆ. ಆಮ್ಲಜನಕ ಇರುವ ರಕ್ತ ಮತ್ತು ಕಳೆದುಕೊಂಡ ರಕ್ತ ಕಾಂತಕ್ಷೇತ್ರದಲ್ಲಿ ಬೇರೆ ಬೇರೆ ಥರ ವರ್ತಿಸುತ್ತವೆ. 1990ರಲ್ಲಿ ಸೀಜಿ ಒಗಾವಾ ಮತ್ತು ಜೊತೆಗಾರರು ಈ ವ್ಯತ್ಯಾಸವನ್ನು ಎಂಆರ್‌ಐ ಚಿತ್ರದಲ್ಲಿ ತೋರಿಸಿದರು. ಮಿದುಳಿನ ಚಟುವಟಿಕೆಯನ್ನು ಹೀಗೆ ರಕ್ತದ ಮೂಲಕ ಅಳೆಯುವ ಎಫ್‌ಎಂಆರ್‌ಐ ಸ್ಕ್ಯಾನಿನ ನಮ್ಮ ಕೆಲಸವೆಲ್ಲ ನಿಂತಿರುವುದು ಅದರ ಮೇಲೆ. ಆದರೆ ನರಕೋಶದ ಸಂಕೇತ ಬಂದು ಹೋಗಲು ಒಂದೆರಡು ಮಿಲಿಸೆಕೆಂಡು ಸಾಕು. ರಕ್ತದ ಅಲೆ ತುದಿ ಮುಟ್ಟಲು 5-6 ಸೆಕೆಂಡು ಬೇಕು. ಚಿತ್ರದ ಒಂದು ಪುಟ್ಟ ಚೌಕದೊಳಗೆ ಲಕ್ಷಾಂತರ ನರಕೋಶಗಳಿವೆ. ಇನ್ನು ಆ ಕೆಂಪು? ಅದು ಲೆಕ್ಕ ನಾವು ಎಳೆದ ಗೆರೆ ದಾಟಿದ ಕಡೆ ನಾವೇ ಹಚ್ಚಿದ ಬಣ್ಣ.

ಭಯವಾದಾಗ ಅಮಿಗ್ಡಲ, ಅಂದರೆ ನಿನ್ನ ಕೆಂಪು ಚುಕ್ಕೆ ಇರುವ ಆ ಬಾದಾಮಿಯಷ್ಟು ಭಾಗ, ಚುರುಕಾಗುತ್ತದೆ, ನಿಜ. ಹೊಸ ಮುಖ ಕಂಡರೂ ಚುರುಕಾಗುತ್ತದೆ, ಆಸೆ ಹುಟ್ಟಿಸುವ ವಸ್ತು ಕಂಡರೂ ಅಷ್ಟೇ. ದೂರದ ಮನೆಯಲ್ಲಿ ದೀಪ ಉರಿಯುವುದು ಕಂಡರೆ ಒಳಗಿನವರು ಏನು ಮಾತಾಡುತ್ತಿದ್ದಾರೆ ಅಂತ ಹೇಳೋಕಾಗಲ್ಲ, ಅಲ್ವಾ?

ನಾನೂ ಎಡವಿದ್ದೇನೆ. ಕೆಲಸದ ಮೊದಲ ವರ್ಷಗಳಲ್ಲಿ 14 ಜನರ ಸ್ಕ್ಯಾನ್ ಇಟ್ಟುಕೊಂಡು, ಚಿಂತೆ ಜಾಸ್ತಿ ಮಾಡುವವರ ಮಿದುಳೇ ಬೇರೆ ಅಂತ ನಂಬಿಬಿಟ್ಟಿದ್ದೆ. ಚಿತ್ರ ಅಷ್ಟು ಚೆನ್ನಾಗಿ ಬಂದಿತ್ತು. ತಿಂಗಳುಗಳ ಮೇಲೆ ಯಾರೋ ಕೇಳಿದರು, ‘ತಲೆ ಎಷ್ಟು ಅಲುಗಿದೆ ನೋಡಿದಿರಾ?’ ನೋಡಿದೆ. ಚಿಂತೆ ಇದ್ದವರು ಆ ಇಕ್ಕಟ್ಟಿನ ಕೊಳವೆಯೊಳಗೆ, ಆ ಸದ್ದಿನಲ್ಲಿ, ಹೆಚ್ಚು ಮಿಸುಕಾಡಿದ್ದರು. ಒಂದೆರಡು ಮಿಲಿಮೀಟರ್ ಅಷ್ಟೇ, ಆದರೆ ಚಿತ್ರ ಕೆಡಲು ಅಷ್ಟು ಸಾಕು. ಅದನ್ನು ಲೆಕ್ಕಕ್ಕೆ ತಂದಾಗ ನನ್ನ ದೊಡ್ಡ ಶೋಧ ಕರಗಿ ಹೋಯಿತು. ಅವತ್ತು ಅತ್ತಿದ್ದೆ. ಅದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಇನ್ನೊಂದು: ಹೊರಬಂದ ಅವರನ್ನು ‘ಒಳಗೆ ಹೇಗಿತ್ತು?’ ಅಂತ ನಾನು ಒಂದು ಮಾತೂ ಕೇಳಿರಲಿಲ್ಲ.

2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಫೋಟೋ ತೋರಿಸಿದ್ದರು. ಅದರಲ್ಲೂ ‘ಚುರುಕಾದ’ ಚುಕ್ಕೆ ಸಿಕ್ಕಿತು. ಸಾವಿರಾರು ಕಡೆ ಒಟ್ಟಿಗೆ ಪರೀಕ್ಷಿಸಿದರೆ ಕೆಲವು ಕಡೆ ಆಕಸ್ಮಿಕವಾಗಿ ಗೆರೆ ದಾಟುತ್ತದೆ. ಅದಕ್ಕೆ ಬೇಕಾದ ತಿದ್ದುಪಡಿ ಮಾಡಿದಾಗ ಚುಕ್ಕೆ ಹೋಯಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 70 ತಂಡಗಳು ಒಂದೇ ಸ್ಕ್ಯಾನ್ ಮಾಹಿತಿಯನ್ನು ಲೆಕ್ಕ ಹಾಕಿದವು. ಯಾವ ಎರಡು ತಂಡವೂ ಒಂದೇ ದಾರಿ ಹಿಡಿದಿರಲಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರಗಳೂ ಬೇರೆಯಾದವು. ಅದಕ್ಕೇ ಹೇಳುತ್ತೇನೆ, ಏನು ಹುಡುಕುತ್ತಿದ್ದೀಯ, ಹೇಗೆ ಲೆಕ್ಕ ಹಾಕುತ್ತೀಯ ಅಂತ ಸ್ಕ್ಯಾನಿಗೆ ಮೊದಲೇ ಬರೆದಿಡು. ಚಿತ್ರ ಬಂದಮೇಲೆ ಬರೆದ ಪ್ರಶ್ನೆ ಪ್ರಶ್ನೆಯಲ್ಲ.

ಇದನ್ನೆಲ್ಲ ಓದಿ ಕೈಚೆಲ್ಲಬೇಡ. 2006ರಲ್ಲಿ ಏಡ್ರಿಯನ್ ಓವನ್ ಮತ್ತು ಜೊತೆಗಾರರು ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ರಸ್ತೆ ಅಪಘಾತದಲ್ಲಿ ಪೆಟ್ಟಾದ 23 ವರ್ಷದ ಹೆಣ್ಣುಮಗಳು. ಕಣ್ಣು ಬಿಡುತ್ತಿದ್ದಳು, ಕರೆದರೆ ಓಗೊಡುತ್ತಿರಲಿಲ್ಲ. ಅವಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿದ್ದೀಯ ಅಂತ ಅಂದುಕೋ ಎಂದರು. ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿದ್ದೀಯ ಅಂತ ಅಂದುಕೋ ಎಂದರು. ಆರೋಗ್ಯವಾಗಿರುವವರು ಹಾಗೆ ಕಲ್ಪಿಸಿಕೊಂಡಾಗ ಚುರುಕಾಗುವ ಜಾಗಗಳೇ ಅವಳಲ್ಲೂ ಚುರುಕಾದವು. ಎರಡು ಕಲ್ಪನೆಗೆ ಎರಡು ಬೇರೆ ಜಾಗ. ಅವಳು ಒಳಗೆ ಇದ್ದಳು, ಪುಟ್ಟಿ. ಯಂತ್ರ ಅದೇ, ರಕ್ತವೂ ಅದೇ. ಕೇಳಿದ ರೀತಿ ಅಷ್ಟು ಸರಿಯಾಗಿತ್ತು.

ಮುಂದಿನ ಸ್ಕ್ಯಾನಿಗೆ ಮುಂಚೆ ನೀನೇ ಒಮ್ಮೆ ಆ ಕೊಳವೆಯೊಳಗೆ ಮಲಗಿ ನೋಡು. ಹಾಗೆಯೇ ಬರೆದು ತಿಳಿಸು: ನಿನ್ನ ಚಿತ್ರದಲ್ಲಿ ಎಷ್ಟು ಜನರಿದ್ದರು? ತಲೆ ಎಷ್ಟು ಅಲುಗಿತ್ತು? ಭಯವಾಯಿತಾ ಅಂತ ಅವರನ್ನು ಕೇಳಿದೆಯಾ?

ನಿನ್ನ
ದೊಡ್ಡಮ್ಮ